ಮಳೆಗಾಲ ಬರುವ ಮುಂಚೆ ಕೋಳಿ ಸಾಕಿದ ಮನೆಯನ್ನು ಸ್ವಚ್ಛ ಮಾಡುವುದು ಹೇಗೆ: ಗೋವಾದ ಹಿತ್ತಲಿಗೆ ಸಮಗ್ರ ಮಾರ್ಗದರ್ಶಿ

ಯುಗಾದಿಗೆ ಮನೆ ತೊಳೆದು, ಅಟ್ಟ ಇಳಿಸಿ, ಹಾಸಿಗೆ ಒಣಗಿಸುವುದು ನಮ್ಮ ರೂಢಿ. ಗೋವಾದಲ್ಲಿ ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕಿಕೊಂಡವರಿಗೆ ಅದಷ್ಟೇ ಸಾಲದು. ಇಲ್ಲಿ ಜೂನ್ ಮೊದಲ ವಾರದ ಹೊತ್ತಿಗೆ ಹಿಡಿದ ಮಳೆ ಸೆಪ್ಟೆಂಬರ್ ಮುಗಿಯುವವರೆಗೆ ಬಿಡುವುದಿಲ್ಲ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಧಾರವಾಡ, ಗದಗ, ಬಾಗಲಕೋಟೆ ಕಡೆಯಿಂದ ಬಂದು ಫೋಂಡಾ, ವಾಸ್ಕೋ, ಮಾಪುಸಾ, ಡಿಚೋಲಿಯಲ್ಲಿ ಮನೆ ಮಾಡಿದವರಿಗೆ ಮೊದಲ ವರ್ಷ ಇದರ ಅಂದಾಜೇ ಸಿಗುವುದಿಲ್ಲ. ಊರಲ್ಲಿ ಕೋಳಿ ಹಿಕ್ಕೆ ಎರಡು ದಿನಕ್ಕೆ ಒಣಗಿ ಪುಡಿಯಾಗುತ್ತದೆ. ಇಲ್ಲಿ ಜುಲೈನಲ್ಲಿ ಅದು ಒಣಗುವುದೇ ಇಲ್ಲ. ಹುಳ ಬೀಳುತ್ತದೆ, ನಾರುತ್ತದೆ, ಮರಿಗಳು ಸಾಯುತ್ತವೆ.

ಹಾಗಾಗಿ ಗೂಡಿನಿಂದ ಹಿಡಿದು ಬಟ್ಟೆ ಕಪಾಟಿನವರೆಗೆ ನಾನು ಕೇಳುವುದು ಒಂದೇ ಪ್ರಶ್ನೆ. ಇದು ಮಳೆಯ ನಾಲ್ಕು ತಿಂಗಳು ಒಣಗಿರುತ್ತದಾ? ಇರುತ್ತದೆ ಅಂದರೆ ಇಟ್ಟುಕೊಳ್ಳಿ. ಇಲ್ಲ ಅಂದರೆ ಎತ್ತರಕ್ಕೆ ಏರಿಸಿ. ಏರಿಸಲು ಜಾಗ ಇಲ್ಲವಾ, ಕೊಟ್ಟುಬಿಡಿ.

ಯಾವಾಗ ಶುರು ಮಾಡಬೇಕು

ಯುಗಾದಿ ಕಳೆದ ಮೇಲೆ ಶುರು ಮಾಡಿ, ಮೇ 15ರೊಳಗೆ ಮುಗಿಸಿ. ಮೇ ಕೊನೆಯಲ್ಲಿ ಸಂಜೆ ಸಂಜೆ ಗುಡುಗಿ ಮಳೆ ಬರುತ್ತದೆ. ಆಗ ತೊಳೆದದ್ದು ಒಣಗುವುದಿಲ್ಲ, ಬಳಿದ ಸುಣ್ಣ ಹಿಡಿಯುವುದಿಲ್ಲ. ಇಲ್ಲಿನ ಮನೆಗಳಲ್ಲಿ ಪುರುಮೆಂತ ಅಂತ ಮಳೆಗಾಲಕ್ಕೆ ಒಣ ಮೀನು, ಮೆಣಸಿನಕಾಯಿ, ಕೋಕಂ ಕೂಡಿಡುವ ಹೊತ್ತು ಇದೇ. ಅಂಗಳದ ತುಂಬ ಒಣಗಲು ಹಾಕಿರುತ್ತಾರೆ. ಅದೇ ಬಿಸಿಲು ನಮ್ಮ ಗೂಡಿಗೂ ಬೇಕು.

ಕೆಲಸ ಬೆಳಿಗ್ಗೆ ಆರೂವರೆಯಿಂದ ಹತ್ತರೊಳಗೆ ಮಾಡಿ. ಏಪ್ರಿಲ್-ಮೇ ಮಧ್ಯಾಹ್ನ 33-35 ಡಿಗ್ರಿ, ಜೊತೆಗೆ ಸಮುದ್ರದ ಕಡೆಯ ಆ ಬೆವರು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಅದು ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಅಂಥ ಹೊತ್ತಲ್ಲಿ ಅಟ್ಟಾಡಿಸಿ ಹಿಡಿಯಲು ಹೋದರೆ ದಪ್ಪನೆಯ ಹೇಂಟೆ ಅಲ್ಲೇ ಕುಸಿದು ಬೀಳಬಹುದು.

ಯಾವುದಾದರೂ ಹೇಂಟೆ ಕಾವಿಗೆ ಕೂತಿದ್ದರೆ ಮೊದಲು ದಿನ ಲೆಕ್ಕ ಹಾಕಿ. ಮೊಟ್ಟೆ ಒಡೆದು ಮರಿ ಬರಲು 21 ದಿನ ಬೇಕು. ಅಲ್ಲಿಯವರೆಗೆ ಆ ಮೂಲೆಗೆ ಕೈ ಹಾಕಬೇಡಿ. ಮಿಕ್ಕ ಕೆಲಸ ಮಾಡಿಕೊಳ್ಳಿ.

ಇನ್ನು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಸಾಮಾನ್ಯವಾಗಿ ಎಲ್ಲರೂ ಮನೆಯೊಳಗಿಂದ ಶುರು ಮಾಡಿ, ಕೊನೆಗೆ ಸುಸ್ತಾದಾಗ ಗೂಡಿಗೆ ಬರುತ್ತಾರೆ. ಅದನ್ನು ತಿರುಗಿಸಿ. ಮೊದಲು ಹಿತ್ತಲಿನ ಬೇಡದ ಸಾಮಾನು, ಆಮೇಲೆ ಗೂಡು, ಆಮೇಲೆ ಗೊಬ್ಬರ, ಕೊನೆಗೆ ಮನೆ. ಗೂಡು ಕೆರೆದಾಗ ಏಳುವ ಧೂಳು ಮನೆಯ ಕಿಟಕಿ, ಪರದೆ, ಫ್ಯಾನ್ ಎಲ್ಲದರ ಮೇಲೂ ಕೂರುತ್ತದೆ. ಒರೆಸಿದ್ದನ್ನೇ ಮತ್ತೆ ಒರೆಸುವ ಕೆಲಸ ಯಾಕೆ, ಅಲ್ವಾ?

ಹಿತ್ತಲಿನ ಸಾಮಾನು

ಗೋವಾದ ಹಿತ್ತಲಲ್ಲಿ ಏನೇನು ಸೇರಿಕೊಂಡಿರುತ್ತದೆ ಅಂತ ನಿಮಗೆ ಗೊತ್ತು. ಒಡೆದ ಹೆಂಚು, ಮಿಕ್ಕ ಕೆಂಪು ಕಲ್ಲು, ತೆಂಗಿನ ಸೋಗೆ, ಮಟ್ಟೆ, ಚಿಪ್ಪು, ಹಳೇ ಟೈರು, ಬಣ್ಣದ ಡಬ್ಬಿ, ಮುರಿದ ಕಿಟಕಿ, ಹಳೇ ಮೀನಿನ ಬಲೆ, ಕೋಳಿ ಆಹಾರದ ಖಾಲಿ ಚೀಲ. ಒಂದೊಂದನ್ನೂ "ಮುಂದೆ ಬೇಕಾಗುತ್ತದೆ" ಅಂತಲೇ ಇಟ್ಟಿರುತ್ತೇವೆ.

ರಾಶಿಗೆ ಕೈ ಹಾಕುವ ಮುಂಚೆ ಉದ್ದ ಕೋಲಿನಿಂದ ಬಡಿದು ಸದ್ದು ಮಾಡಿ, ಸ್ವಲ್ಪ ಹೊತ್ತು ಬಿಡಿ. ಕಾಲಿಗೆ ಗಮ್ ಬೂಟು, ಕೈಗೆ ದಪ್ಪ ಗ್ಲೌಸ್ ಇರಲೇಬೇಕು. ಕೋಳಿ ಇರುವ ಕಡೆ ಚೆಲ್ಲಿದ ಕಾಳು ಇರುತ್ತದೆ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಕೇರೆ ಹಾವು ಮೊಟ್ಟೆ, ಮರಿ ತಿಂದು ಹೋಗುತ್ತದೆ ಅಷ್ಟೇ. ಆದರೆ ನಾಗರ, ಕೊಳಕುಮಂಡಲ ಎರಡೂ ಗೋವಾದಲ್ಲಿ ಇವೆ, ಎರಡಕ್ಕೂ ಕಲ್ಲಿನ ಸಂದು, ಸೋಗೆ ರಾಶಿ ಅಂದರೆ ಇಷ್ಟ. ಹಾವು ಕಂಡರೆ ಹೊಡೆಯಲು ಹೋಗಬೇಡಿ. ದೂರ ನಿಂತು ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ಫೋನ್ ಮಾಡಿ. ಯಾರಿಗಾದರೂ ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ.

ವಿಂಗಡಿಸುವಾಗ ನಾನು ಬಳಸುವ ಗಡುವು ಚೌತಿ. ಗಣೇಶ ಚತುರ್ಥಿಯೊಳಗೆ ಈ ವಸ್ತು ಕೈಗೆ ಬೇಕಾಗುತ್ತದಾ? ಹೆಂಚು ಬೇಕು, ಮಳೆಯಲ್ಲಿ ಒಂದೆರಡು ಒಡೆದೇ ಒಡೆಯುತ್ತವೆ. ಹತ್ತು-ಹನ್ನೆರಡು ಒಳ್ಳೆಯವನ್ನು ಆರಿಸಿ, ಗೋಡೆಗೆ ತಾಗದಂತೆ ಎರಡು ಕಲ್ಲಿನ ಮೇಲೆ ನಿಲ್ಲಿಸಿಡಿ. ಖಾಲಿ ಚೀಲ ಐದಾರು ಸಾಕು, ಮಿಕ್ಕಿದ್ದನ್ನು ತೆಂಗಿನಕಾಯಿ ತುಂಬಿಸುವ ನೆರೆಯವರಿಗೆ ಕೊಡಿ. ಟೈರು, ಒಡೆದ ಬಕೆಟ್ಟು, ಚಿಪ್ಪು ಒಂದೂ ಉಳಿಯಬಾರದು. ಅವುಗಳಲ್ಲಿ ನಿಂತ ನೀರಲ್ಲಿ ಸೊಳ್ಳೆ ಹುಟ್ಟುತ್ತದೆ. ಡೆಂಗ್ಯೂ ನಮಗೆ ಗೊತ್ತು. ಅದೇ ಸೊಳ್ಳೆಗಳು ಕೋಳಿಗಳಿಗೆ ಸಿಡುಬನ್ನೂ ಹರಡುತ್ತವೆ. ಜುಟ್ಟು, ಕಣ್ಣಿನ ಸುತ್ತ ಕಪ್ಪು ಗಂಟು ಎದ್ದು ಕಣ್ಣೇ ಮುಚ್ಚಿಹೋಗುತ್ತದೆ, ಪಾಪ.

ಕಬ್ಬಿಣ, ರಟ್ಟು, ಬಾಟಲಿ ಭಂಗಾರದವರಿಗೆ, ಅಂದರೆ ಗುಜರಿಯವರಿಗೆ. ಪ್ಲಾಸ್ಟಿಕ್, ಹರಿದ ತಾಡಪತ್ರಿ ತೊಳೆದು ಒಣಗಿಸಿ ಪಂಚಾಯಿತಿಯ ಒಣ ಕಸದ ಗಾಡಿಗೆ. ಹಳೇ ಬಲ್ಬು, ಬ್ಯಾಟರಿ, ವೈರು ಬೇರೆಯೇ ಕಟ್ಟಿಡಿ. ಸುಡಬೇಡಿ, ದಯವಿಟ್ಟು. ಪ್ಲಾಸ್ಟಿಕ್ ಹೊಗೆ ನಮಗೂ ಕೆಟ್ಟದ್ದು, ಕೋಳಿಯ ಶ್ವಾಸಕೋಶಕ್ಕಂತೂ ಇನ್ನೂ ಕೆಟ್ಟದ್ದು. ತರಗೆಲೆಯನ್ನೂ ಸುಡಬೇಡಿ. ಗೇರು, ಮಾವು, ಹಲಸಿನ ಒಣ ಎಲೆಯನ್ನು ಚೀಲಕ್ಕೆ ತುಂಬಿ, ಮೇಲೆ ಕಟ್ಟಿ, ಒಣಗಿದ ಜಾಗದಲ್ಲಿ ಇಡಿ. ಗೊಬ್ಬರದ ಹೊತ್ತಿಗೆ ಅದು ಬೇಕೇಬೇಕು.

ಕೊನೆಗೆ ನೆಲ ನೋಡಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಕೋಳಿಗೆ ಹೊಳೆಯುವುದೆಲ್ಲ ಕಾಳಿನಂತೆಯೇ. ಒಮ್ಮೆ ಮನೆಯಲ್ಲಿ ಕೊಯ್ದ ಒಂದು ಹೇಂಟೆಯ ಗಿಜರ್ಡ್, ಅಂದರೆ ಕಾಳು ಅರೆಯುವ ಆ ಗಟ್ಟಿ ಮಾಂಸದ ಚೀಲ, ಸೀಳಿದಾಗ ಒಳಗೆ ಸಣ್ಣ ಕೆಂಪು ಕಲ್ಲುಗಳ ಜೊತೆ ಒಂದು ಸ್ಕ್ರೂ, ಅಂಚು ಸವೆದು ನುಣ್ಣಗಾದ ಗಾಜಿನ ಚೂರು, ಒಂದು ತುಂಡು ತಾಮ್ರದ ತಂತಿ ಸಿಕ್ಕವು. ಕಲ್ಲು ಅದಕ್ಕೆ ಬೇಕು, ಹಲ್ಲಿಲ್ಲದ ಜೀವ ಅದರಿಂದಲೇ ಕಾಳು ಅರೆಯುತ್ತದೆ. ಮೊಳೆ, ತಂತಿ ಮಾತ್ರ ಆ ಚೀಲವನ್ನೇ ಚುಚ್ಚಿ ಕೊಲ್ಲುತ್ತವೆ. ಹಗ್ಗಕ್ಕೆ ಒಂದು ಅಯಸ್ಕಾಂತ ಕಟ್ಟಿ ಹಿತ್ತಲ ತುಂಬ ಎಳೆದುಕೊಂಡು ಹೋಗಿ. ಎಷ್ಟು ಮೊಳೆ ಅಂಟಿಕೊಳ್ಳುತ್ತವೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಥರ್ಮಾಕೋಲ್ ಚೂರುಗಳನ್ನೂ ಹೆಕ್ಕಿ, ಕೋಳಿಗಳು ಅದನ್ನು ಆಸೆಯಿಂದ ತಿನ್ನುತ್ತವೆ. ಹಳೇ ಬಲೆ ಇದ್ದರೆ ಅದನ್ನಂತೂ ಮೊದಲು ಸಾಗಿಸಿ. ಕಾಲು ಸಿಕ್ಕಿಕೊಂಡ ಮರಿ ರಾತ್ರಿಯೊಳಗೆ ಸತ್ತಿರುತ್ತದೆ.

ಕೋಳಿಗಳನ್ನು ಆಚೆ ತರುವುದು

ಗೂಡಿನ ಕೆಲಸಕ್ಕೆ ಮೂರು ದಿನವಾದರೂ ಗೂಡು ಖಾಲಿ ಇರಬೇಕು. ಸಂಜೆಯಾದರೆ ಕೋಳಿ ಹಳೇ ಜಾಗಕ್ಕೇ ಹೋಗುತ್ತದೆ, ನೀವು ಏನು ಹೇಳಿದರೂ ಕೇಳುವುದಿಲ್ಲ. ಅದಕ್ಕೆ ಬಾಗಿಲು ಮುಚ್ಚಿ, ಮಾವಿನ ಮರದ ಕೆಳಗೆ ಬಲೆ ಸುತ್ತಿ ಹಗಲಿಗೆ ಒಂದು ಜಾಗ ಮಾಡಿ. ರಾತ್ರಿಗೆ ಮಾತ್ರ ಮುಚ್ಚಳವಿರುವ ಪಂಜರವೋ ಬಿದಿರಿನ ಬುಟ್ಟಿಯೋ ಬೇಕು. ಮುಂಗುಸಿ, ಪುನುಗು ಬೆಕ್ಕು, ಬೀದಿ ನಾಯಿ ಮೂರೂ ಇಲ್ಲಿ ಇವೆ.

ಹಿಡಿಯುವ ಕೆಲಸ ಕತ್ತಲಾದ ಮೇಲೆ ಮಾಡಿ. ಅಡ್ಡಗೋಲಿನ ಮೇಲೆ ಕೂತ ಕೋಳಿ ಟಾರ್ಚಿನ ಮಂದ ಬೆಳಕಲ್ಲಿ ಸುಮ್ನೆ ಕೈಗೆ ಬರುತ್ತದೆ. ರೆಕ್ಕೆ ಒತ್ತಿ ಹಿಡಿದು, ಪ್ರತಿಯೊಂದನ್ನೂ ಒಂದು ಸಲ ನೋಡಿ. ಬಾಲದ ಕೆಳಗೆ ಪುಕ್ಕ ಬಿಡಿಸಿದಾಗ ಬುಡದಲ್ಲಿ ಬಿಳಿ ಬಿಳಿ ಗಂಟು ಕಂಡರೆ ಅದು ಹೇನಿನ ಮೊಟ್ಟೆ. ಕಾಲಿನ ಚಿಪ್ಪು ಎದ್ದು ಒರಟಾಗಿದ್ದರೆ ಚಿಪ್ಪಿನಡಿಯಲ್ಲಿ ನುಸಿ ಸೇರಿದೆ ಅಂತ ಅರ್ಥ. ಅದಕ್ಕೆ ಕಾಲು ತೊಳೆದು ಒಣಗಿಸಿ ವ್ಯಾಸಲೀನ್ ದಪ್ಪಗೆ ಹಚ್ಚಿ, ಕೆಲವು ವಾರ ಬಿಡದೆ. ನುಸಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಎದೆಮೂಳೆ ಚೂಪಾಗಿ ಕೈಗೆ ಹತ್ತಿದರೆ ಕೋಳಿ ಸೊರಗಿದೆ, ಜಂತುಹುಳದ ಔಷಧಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದನ್ನೂ ಅಲ್ಲೇ ಕೇಳಿ ಬರೆದುಕೊಳ್ಳಿ.

ಕೊಕ್ಕರೆ ರೋಗದ (ರಾಣಿಖೇತ್ ಕಾಯಿಲೆಯ) ಲಸಿಕೆ ಆಗಿದೆಯಾ ಅಂತ ನೋಡುವುದಕ್ಕೂ ಇದೇ ಸರಿಯಾದ ಹೊತ್ತು. ಪಣಜಿಯ ಪಾಟೋದಲ್ಲಿ ಪಶುಸಂಗೋಪನಾ ಇಲಾಖೆಯ ನಿರ್ದೇಶನಾಲಯ ಇದೆ. ನಿಮಗೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲೇ ಕೇಳಿದರೂ ಸಾಕು.

ಗೂಡು

ಮೊದಲು ಮುಖಕ್ಕೆ ಮಾಸ್ಕ್. ಎನ್95 ಆದರೆ ಒಳ್ಳೆಯದು, ತೆಳು ಬಟ್ಟೆ ಸಾಲದು. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರ, ಬ್ಯಾಕ್ಟೀರಿಯಾ ಇರಬಹುದು. ಅದಕ್ಕೇ ಒಣ ಕಸಬರಿಗೆಯಿಂದ ಗುಡಿಸುವುದು ಬೇಡ. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ, ಧೂಳು ಏಳದಷ್ಟು ಮಾತ್ರ ನೆನೆಸಿ, ಆಮೇಲೆ ಸಲಿಕೆಯಿಂದ ಎತ್ತಿ. ಮಕ್ಕಳು, ದಮ್ಮು ಇರುವವರು, ಬಸುರಿಯರು ಆ ದಿನ ಹತ್ತಿರ ಬರುವುದು ಬೇಡ.

ಹಳೇ ಹಾಸು, ಅಂದರೆ ಗೂಡಿನ ನೆಲದ ಮೇಲೆ ಹರಡಿದ ಹೊಟ್ಟು, ಪೂರ್ತಿ ತೆಗೆಯಿರಿ. ಹತ್ತು ಕೋಳಿ ದಿನಕ್ಕೆ ಸುಮಾರು 1 ಕಿಲೋ ಹಸಿ ಹಿಕ್ಕೆ ಹಾಕುತ್ತವೆ, ಹಾಗಾಗಿ ರಾಶಿ ದೊಡ್ಡದೇ ಇರುತ್ತದೆ. ಅಡ್ಡಗೋಲು, ಮೊಟ್ಟೆ ಇಡುವ ಪೆಟ್ಟಿಗೆ, ನೀರಿನ ಪಾತ್ರೆ ಎಲ್ಲವನ್ನೂ ಬಿಚ್ಚಿ ಹೊರಗೆ ಬಿಸಿಲಿಗಿಡಿ. ಬಿಚ್ಚಲು ಬಾರದಂತೆ ಮೊಳೆ ಹೊಡೆದಿದ್ದರೆ ಈ ಸಲ ಬಿಚ್ಚಿ, ಮತ್ತೆ ಜೋಡಿಸುವಾಗ ಬೋಲ್ಟ್ ಹಾಕಿ.

ಈಗ ಅಡ್ಡಗೋಲಿನ ತುದಿ ನೋಡಿ, ಗೋಡೆಗೆ ತಾಗುವ ಜಾಗ. ಬೂದಿ ಉದುರಿದ ಹಾಗೆ ಬೆಳ್ಳಗೆ-ಕಂದಾಗಿ ಏನಾದರೂ ಕಂಡರೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ. ಬಟ್ಟೆಯ ಮೇಲೆ ರಕ್ತದ ಗೆರೆ ಎಳೆಯಿತಾ? ಅದು ಕೆಂಪು ನುಸಿ. ಹಗಲೆಲ್ಲ ಸಂದಿನಲ್ಲಿ ಅಡಗಿದ್ದು ರಾತ್ರಿ ಕೋಳಿಯ ರಕ್ತ ಹೀರುತ್ತದೆ. ಹಗಲು ಕೋಳಿಯ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ, ಹಾಗಾಗಿ "ನಮ್ಮಲ್ಲಿ ಏನೂ ಇಲ್ಲ" ಅಂದುಕೊಳ್ಳುತ್ತೇವೆ. ಜುಟ್ಟು ಬಿಳಿಚಿಕೊಂಡಿದೆ, ಮೊಟ್ಟೆ ಕಡಿಮೆಯಾಗಿದೆ, ಸಂಜೆ ಗೂಡಿಗೆ ಹೋಗಲು ಕೋಳಿ ಹಿಂದೆಮುಂದೆ ನೋಡುತ್ತಿದೆ ಅಂದರೆ ಇದರ ಮೇಲೇ ಅನುಮಾನ ಪಡಿ. ಸೆಕೆಯಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಅದಕ್ಕೆ ಒಂದು ವಾರ ಸಾಕು. ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಗೂಡು ಖಾಲಿ ಬಿಟ್ಟರೆ ಸಾಯುತ್ತದೆ ಅಂತ ನಂಬಬೇಡಿ.

ಅದಕ್ಕೆ ಮಾಡುವುದು ಇಷ್ಟು. ಮರದ ಸಂದುಗಳಿಗೆಲ್ಲ ಕುದಿಯುವ ನೀರು ಸುರಿಯಿರಿ. ಒಣಗಿದ ಮೇಲೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಒಂದಿಷ್ಟು ಸೋಪಿನ ನೀರು ಹಾಕಿ ಸಿಂಪಡಿಸಿ. ಒಂದು ವಾರಕ್ಕೆ ಇದನ್ನೇ ಮತ್ತೆ ಮಾಡಿ, ಯಾಕಂದರೆ ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಸೀಮೆಎಣ್ಣೆ ಬಳಿಯುವ ಹಳೇ ರೂಢಿ ಬೇಡ. ಅದರ ವಾಸನೆ ಕೋಳಿಗೆ ಹಿಂಸೆ, ಬೆಂಕಿಯ ಭಯ ಬೇರೆ. ಬಿರುಕು ಬಿಟ್ಟ ಹಳೇ ಪ್ಲೈವುಡ್ ಪೆಟ್ಟಿಗೆ ಇದ್ದರೆ ಎಸೆಯಿರಿ, ಅದನ್ನು ಎಷ್ಟು ತೊಳೆದರೂ ಪದರದೊಳಗೆ ನುಸಿ ಉಳಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ ಕೂಡ.

ನೆಲ, ಗೋಡೆ ಕೆರೆದು, ಸೋಪು ನೀರಿನಿಂದ ಉಜ್ಜಿ ತೊಳೆಯಿರಿ. ಅಂಟಿದ ಹಿಕ್ಕೆ ಪೂರ್ತಿ ಹೋಗಬೇಕು. ಹೊಲಸಿನ ಮೇಲೆ ಸುರಿದ ಬ್ಲೀಚಿಂಗ್ ಪೌಡರ್ ದಂಡ, ಜೊತೆಗೆ ಹಿಕ್ಕೆಯ ಅಮೋನಿಯ ಸೇರಿ ವಿಷಗಾಳಿ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಬ್ಲೀಚಿಗೆ ಬೆರೆಸಿದರಂತೂ ಕ್ಲೋರಿನ್ ಅನಿಲ. ಎರಡೂ ಒಟ್ಟಿಗೆ ಎಂದೂ ಬೇಡ. ತೊಳೆದ ಮೇಲೆ 1 ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಹಾಕಿ, 10 ನಿಮಿಷ ಬಿಟ್ಟು, ಒಳ್ಳೆಯ ನೀರಿನಿಂದ ತೊಳೆಯಿರಿ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನಿಜವಾದ ಕೆಲಸ ಇನ್ನು ಮೇಲೆ, ಬಿಸಿಲಿನದ್ದು. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮ ಜೀವಿಯ ತತ್ತಿ ಬ್ಲೀಚಿಗೆ ಸಾಯುವುದಿಲ್ಲ. ಬೆಚ್ಚಗೆ, ಹಸಿಯಾಗಿ ಇರುವ ಹಾಸಿನಲ್ಲಿ ಅದು ಒಂದೆರಡು ದಿನದಲ್ಲೇ ರೋಗ ಹರಡುವಷ್ಟು ಬಲಿಯುತ್ತದೆ. ಜುಲೈ ತಿಂಗಳ ಗೋವಾ ಅಂದರೆ ಬೆಚ್ಚಗೆ, ಹಸಿಯಾಗಿ ತಾನೆ! ಮೂರರಿಂದ ಎಂಟು ವಾರದ ಮರಿಗಳು ಮಂಕಾಗಿ, ಪುಕ್ಕ ಕೆದರಿ ಕೂತು, ಹಿಕ್ಕೆಯಲ್ಲಿ ರಕ್ತ ಬಂದರೆ ಇದೇ. ಒಣಗಿಸುವುದು, ಒಣಗಿರುವ ಹಾಗೆ ನೋಡಿಕೊಳ್ಳುವುದು ಇದು ಬಾರದಂತೆ ತಡೆಯುವ ಮುಖ್ಯ ದಾರಿ. ಬಾಗಿಲು, ಕಿಟಕಿ, ಸಾಧ್ಯವಾದರೆ ಒಂದೆರಡು ಹೆಂಚನ್ನೂ ತೆಗೆದು ಪೂರ್ತಿ ಎರಡು ದಿನ ಬಿಸಿಲು ಬೀಳಲು ಬಿಡಿ.

ಮೂರನೇ ದಿನ ಸುಣ್ಣ. ಅಂಗಡಿಯಲ್ಲಿ ಸಿಗುವ ಅರಳಿದ ಪುಡಿ ಸುಣ್ಣವನ್ನೇ ತನ್ನಿ. ಸುಟ್ಟ ಕಲ್ಲುಸುಣ್ಣ ನೀರಿಗೆ ಬಿದ್ದರೆ ಕೊತಕೊತ ಕುದಿದು ಮೈಮೇಲೆ ಸಿಡಿಯುತ್ತದೆ. 1 ಕಿಲೋ ಸುಣ್ಣಕ್ಕೆ 4-5 ಲೀಟರ್ ನೀರು, ಒಂದು ಹಿಡಿ ಉಪ್ಪು. ರಾತ್ರಿಯೆಲ್ಲ ನೆನೆಯಲಿ, ಬೆಳಿಗ್ಗೆ ಸೋಸಿ ಬಳಿಯಿರಿ. ಕಣ್ಣಿಗೆ ಕನ್ನಡಕ ಇರಲಿ. ಗೋವಾದ ಕೆಂಪು ಕಲ್ಲಿನ ಗೋಡೆ ತುಂಬ ತೂತು, ಮೊದಲ ಕೈ ಪೂರ್ತಿ ಹೀರಿಕೊಳ್ಳುತ್ತದೆ. ಎರಡನೇ ಕೈ ಬೇಕೇ ಬೇಕು. ತೂತುಗಳೊಳಗೆ ಬ್ರಷ್ ಚುಚ್ಚಿ ಚುಚ್ಚಿ ತುಂಬಿ, ನುಸಿ ಕೂರುವುದೇ ಅಲ್ಲಿ. ಸುಣ್ಣ ಪೂರ್ತಿ ಒಣಗುವವರೆಗೆ ಕೋಳಿ ಒಳಗೆ ಬರಬಾರದು. ಬಾಡಿಗೆ ಮನೆಯಾದರೆ ಮನೆ ಮಾಲೀಕರಿಗೆ ಮೊದಲೇ ಒಂದು ಮಾತು ಹೇಳಿ, ಆಮೇಲೆ ಮನಸ್ತಾಪ ಬೇಡ.

ಮತ್ತೆ ಜೋಡಿಸುವಾಗ ಅಳತೆ ಸರಿ ಇದೆಯಾ ನೋಡಿ. ಅಡ್ಡಗೋಲಿನ ಮೇಲೆ ಒಂದು ಕೋಳಿಗೆ 8 ಇಂಚು. ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆ ಪೆಟ್ಟಿಗೆ, ಒಂದಡಿ ಅಗಲ, ಒಂದಡಿ ಆಳ. ಗೂಡಿನೊಳಗೆ ತಲಾ 3-4 ಚದರ ಅಡಿ ನೆಲ. ಮಳೆಗಾಲದಲ್ಲಿ ಅವು ಹೊರಗೆ ಹೋಗುವುದೇ ಕಡಿಮೆ, ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ. ಸಾಮಾನಿನ ಹಾಗೆ ಕೋಳಿಯನ್ನೂ ಎಷ್ಟು ಇಟ್ಟುಕೊಳ್ಳಬೇಕು ಅಂತ ಈಗಲೇ ಯೋಚಿಸಿ. ಹುಂಜಗಳು ಜಾಸ್ತಿಯಾಗಿದ್ದರೆ ಮೇ ತಿಂಗಳಲ್ಲೇ ಕೊಡಿ. ಬಲೆ ತುಕ್ಕು ಹಿಡಿದಿದ್ದರೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಆರು ಮೂಲೆಯ ತೆಳು ಕೋಳಿ ಬಲೆ ಕೋಳಿಯನ್ನು ಒಳಗೆ ಇಡುತ್ತದೆ, ಮುಂಗುಸಿಯನ್ನು ಹೊರಗೆ ಇಡುವುದಿಲ್ಲ.

ಗೂಡಿನ ಹೊಸ ಹಾಸಾಗಿ ಭತ್ತದ ಹೊಟ್ಟು ಒಳ್ಳೆಯದು. 4 ಇಂಚು ದಪ್ಪ ಹಾಕಿ, ಇನ್ನು ಎರಡು ಚೀಲ ಮಳೆಗಾಲಕ್ಕೆ ಅಂತ ಎತ್ತರದಲ್ಲಿ ಇಟ್ಟುಕೊಳ್ಳಿ. ಜುಲೈನಲ್ಲಿ ಒಣ ಹೊಟ್ಟು ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಹಾಸು ಹೇಗಿದೆ ಅಂತ ನೋಡಲು ಒಂದು ಹಿಡಿ ಮುಷ್ಟಿಯಲ್ಲಿ ಒತ್ತಿ, ಬಿಡಿ. ಉದುರಿದರೆ ಸರಿ. ಉಂಡೆಯಾಗಿ ಉಳಿದರೆ ನೀರು ಜಾಸ್ತಿಯಾಗಿದೆ, ಆ ಭಾಗ ತೆಗೆದು ಹೊಸದು ಹಾಕಿ. ಇನ್ನೊಂದು ಪರೀಕ್ಷೆ ಮೂಗಿನದು. ಗೂಡಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಕೋಳಿಯ ತಲೆಯ ಎತ್ತರದಲ್ಲಿ ಉಸಿರೆಳೆಯಿರಿ. ಕಣ್ಣು ಉರಿದರೆ ಅಮೋನಿಯ ಏರಿದೆ, ಅವು ರಾತ್ರಿಯೆಲ್ಲ ಅದನ್ನೇ ಉಸಿರಾಡುತ್ತಿವೆ. ಹಸಿ ಹಾಸಿನ ಮೇಲೆ ಸುಣ್ಣ ಉದುರಿಸಿದರೆ ಅಮೋನಿಯ ಇನ್ನೂ ಜಾಸ್ತಿ ಏಳುತ್ತದೆ, ಹಾಗೆ ಮಾಡಬೇಡಿ. ಹಾಸು ಬದಲಿಸಿ, ಗಾಳಿ ಬಿಡಿ.

ತೆಗೆದ ಹಿಕ್ಕೆ, ಹಾಸು

ಅದನ್ನು ನೇರ ಗಿಡಕ್ಕೆ ಸುರಿದರೆ ಬೇರು ಸುಡುತ್ತದೆ. ಕೊಳೆಸಬೇಕು. ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಇಳಿಜಾರಿನ ಕೆಳಗಡೆ ಜಾಗ ಆರಿಸಿ. ಕೆಳಗೆ ತೆಂಗಿನ ಮಟ್ಟೆ ಹಾಸಿ, ಅದರ ಮೇಲೆ ಒಂದು ಬುಟ್ಟಿ ಹಿಕ್ಕೆಗೆ ಎರಡು ಬುಟ್ಟಿ ತರಗೆಲೆಯಂತೆ ಪದರ ಪದರವಾಗಿ ಹಾಕಿ. ರಾಶಿ ಮೂರಡಿ ಎತ್ತರ, ಮೂರಡಿ ಅಗಲ ಇರಲಿ. ಅದಕ್ಕಿಂತ ಚಿಕ್ಕದಾದರೆ ಬಿಸಿ ಏರುವುದಿಲ್ಲ. ಹಿಂಡಿದ ಬಟ್ಟೆಯಷ್ಟು ತೇವ ಸಾಕು.

ಮೂರು ದಿನ ಬಿಟ್ಟು ಒಂದು ಕಬ್ಬಿಣದ ಸರಳು ನಡುವಿಗೆ ಚುಚ್ಚಿ, ಐದು ನಿಮಿಷದ ನಂತರ ಎಳೆದು ಹಿಡಿಯಿರಿ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಒಳಗೆ 55 ಡಿಗ್ರಿ ಮೀರಿದೆ. ರೋಗಾಣು, ಕಳೆ ಬೀಜ ಸಾಯುವುದು ಆ ಬಿಸಿಗೇ. ವಾರಕ್ಕೊಮ್ಮೆ ಹೊರಗಿನದ್ದು ಒಳಗೆ ಹೋಗುವಂತೆ ಮಗುಚಿ. ಮಳೆಗೆ ಮುಂಚೆ ಮೇಲೆ ತಗಡು ಹಾಕಿ, ಇಲ್ಲದಿದ್ದರೆ ಸಾರವೆಲ್ಲ ತೊಳೆದು ಹೋಗುತ್ತದೆ. ಎರಡು ಮೂರು ತಿಂಗಳಿಗೆ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಗೋವಾದ ಕೆಂಪು ಮಣ್ಣು ಹುಳಿ, ಸಾರವೂ ಕಡಿಮೆ. ತೆಂಗಿನ ಬುಡದಿಂದ ನಾಲ್ಕೈದು ಅಡಿ ದೂರ ಸುತ್ತ ಹಾಕಿದರೆ ಮರ ಚೇತರಿಸಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಕೆಂಪು ಹರಿವೆ, ಕೊತ್ತಂಬರಿಯಂಥ ಸೊಪ್ಪಿನ ಮಡಿಗೆ ಅರೆಕೊಳೆತದ್ದನ್ನು ಎಂದೂ ಹಾಕಬೇಡಿ, ಆ ಸೊಪ್ಪನ್ನು ನಾವು ಹಸಿಯಾಗಿಯೂ ತಿನ್ನುತ್ತೇವೆ.

ಕೋಳಿಗಳು ಇದ್ದಕ್ಕಿದ್ದಂತೆ ಒಟ್ಟೊಟ್ಟಿಗೆ ಸತ್ತಿದ್ದರೆ ಈ ಗೊಬ್ಬರದ ಕೆಲಸ ನಿಲ್ಲಿಸಿ. ಸತ್ತದ್ದನ್ನು ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರ ಅಲ್ಲ ಅಂತ ಅವರೇ ಹೇಳಬೇಕು.

ಆಹಾರದ ದಾಸ್ತಾನು

ಒಂದು ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 110-120 ಗ್ರಾಂ ಆಹಾರ ಬೇಕು. ಹತ್ತು ಕೋಳಿಗೆ ತಿಂಗಳಿಗೆ 35 ಕಿಲೋ ಹತ್ತಿರ. ಅಗ್ಗಕ್ಕೆ ಸಿಕ್ಕಿತು ಅಂತ ಮಳೆಗಾಲಕ್ಕೆ ನಾಲ್ಕು ಮೂಟೆ ತಂದಿಡಬೇಡಿ. ಮೆಕ್ಕೆಜೋಳ, ಶೇಂಗಾ ಹಿಂಡಿಗೆ ತೇವ ತಾಗಿದರೆ ಬೂಷ್ಟು ಬರುತ್ತದೆ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಕೋಳಿಯ ಯಕೃತ್ತು ಹೋಗುತ್ತದೆ. ಮೂರು-ನಾಲ್ಕು ವಾರಕ್ಕೆ ಸಾಕಾಗುವಷ್ಟೇ ತನ್ನಿ. ಮುಚ್ಚಳ ಬಿಗಿಯಾದ ತಗಡಿನ ಡ್ರಮ್ಮಿನಲ್ಲಿ, ನೆಲದಿಂದ ಒಂದಡಿ ಮೇಲೆ ಇಡಿ. ಪ್ಲಾಸ್ಟಿಕ್ ಡಬ್ಬವನ್ನು ಇಲಿ ಕಡಿಯುತ್ತದೆ. ಸಂಜೆ ಉಳಿದ ಕಾಳು ಎತ್ತಿಬಿಡಿ.

ಇಲಿಗೆ ಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ಕೋಳಿ ಕುಕ್ಕುತ್ತದೆ, ಬೆಕ್ಕು ತಿನ್ನುತ್ತದೆ. ಬೋನು ಇಡಿ. ಮಳೆಗಾಲದಲ್ಲಿ ಕೊಂಕಣದ ಕಡೆ ಇಲಿಜ್ವರ ಇದ್ದೇ ಇರುತ್ತದೆ, ಅದು ಇಲಿಯ ಉಚ್ಚೆ ಬೆರೆತ ನೀರಿನಿಂದ ಕಾಲಿನ ಗಾಯದ ಮೂಲಕ ಒಳಗೆ ಹೋಗುತ್ತದೆ. ಹಿತ್ತಲಿಗೆ ಬರಿಗಾಲಲ್ಲಿ ಹೋಗುವುದನ್ನು ಬಿಡಲು ಇದೊಂದೇ ಕಾರಣ ಸಾಕು.

ಮನೆಯೊಳಗೆ

ಹಿಂಬಾಗಿಲಿನಿಂದ ಶುರು. ಹಿತ್ತಲಿಗೆ ಬೇರೆ ಚಪ್ಪಲಿ, ಅದು ಬಾಗಿಲ ಆಚೆಗೇ. ಪಕ್ಕದಲ್ಲಿ ನಲ್ಲಿ, ಸೋಪು. ಕೋಳಿಯ ನೀರಿನ ಪಾತ್ರೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ನೋಡಲು ಆರೋಗ್ಯವಾಗಿರುವ ಕೋಳಿಯ ಹಿಕ್ಕೆಯಲ್ಲೂ ಇರುತ್ತದೆ. ಮರಿಗಳನ್ನು ಮುದ್ದಿಸಿದ ಮಕ್ಕಳ ಕೈ ತೊಳೆಸಿ. ಕೋಳಿಗಳು ಪಡಸಾಲೆಗೆ ಬರುತ್ತಿದ್ದರೆ ಎರಡೂವರೆ ಅಡಿಯ ಅರ್ಧ ಬಾಗಿಲು ಹಾಕಿಸಿ, ಗಾಳಿಯೂ ಬರುತ್ತದೆ.

ಮೊಟ್ಟೆಯ ಜಾಗ ಬೇರೆ ಮಾಡಿ. ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆ ಇರುತ್ತದೆ, ಸೋಂಕು ಒಳಗೆ ಹೋಗದಂತೆ ಅದು ತಡೆಯುತ್ತದೆ. ತಂದ ಕೂಡಲೇ ತೊಳೆಯಬೇಡಿ, ಒಣ ಬಟ್ಟೆಯಿಂದ ಒರೆಸಿ. ತೊಳೆಯಲೇಬೇಕಾದರೆ ಬೆಚ್ಚಗಿನ ನೀರಲ್ಲಿ ತೊಳೆದು, ಅವತ್ತೇ ಬೇಯಿಸಿ. ತಣ್ಣೀರು ಹಾಕಿದರೆ ಹೊಲಸು ಚಿಪ್ಪಿನ ರಂಧ್ರದಿಂದ ಒಳಗೆ ಹೋಗುತ್ತದೆ. ಹಿಕ್ಕೆ ಅಂಟಿದ ರಟ್ಟಿನ ಟ್ರೇಗಳನ್ನು ಗೊಬ್ಬರದ ರಾಶಿಗೆ ಹರಿದು ಹಾಕಿ.

ಬಟ್ಟೆ, ಕಾಗದ, ಪುಸ್ತಕಗಳಿಗೆ ಅದೇ ಪ್ರಶ್ನೆ, ಒಣಗಿರುತ್ತದಾ? ಪಶ್ಚಿಮದ ಗೋಡೆಗೆ ತಾಗಿದ ಕಪಾಟು ಮೊದಲು ಖಾಲಿ ಮಾಡಿ, ಮಳೆ ಬಡಿಯುವುದು ಆ ಕಡೆಯಿಂದಲೇ. ಕಪಾಟನ್ನು ನಾಲ್ಕು ಬೆರಳು ಮುಂದೆ ಎಳೆದು ಗಾಳಿ ಓಡಾಡಲು ಬಿಡಿ. ಊರಿಂದ ತಂದ ಕೌದಿ, ರೇಷ್ಮೆ ಸೀರೆ ಎರಡು ಬಿಸಿಲು ಕಂಡ ಮೇಲೆ ಮಡಚಿ. ನುಸಿ ಗುಳಿಗೆ ಕೆಳಗೆ ಬಿದ್ದರೆ ಕೋಳಿ ನುಂಗುತ್ತದೆ, ಅದು ವಿಷ. ಬದಲಿಗೆ ಒಣ ಬೇವಿನೆಲೆ ಇಡಿ. ಔಷಧಿ ಡಬ್ಬದಲ್ಲಿ ಕೋಳಿಗೆ ಅಂತ ತಂದು ಮುಗಿಸದೆ ಬಿಟ್ಟ ಪುಡಿ, ಹನಿಗಳಿದ್ದರೆ ದಿನಾಂಕ ನೋಡಿ, ಮುಗಿದಿದ್ದರೆ ತೆಗೆಯಿರಿ. ಫ್ಯಾನಿನ ರೆಕ್ಕೆಯ ಮೇಲಿನ ಪುಕ್ಕದ ಧೂಳನ್ನೂ ಒದ್ದೆ ಬಟ್ಟೆಯಿಂದಲೇ ಒರೆಸಿ.

ಮೊದಲ ಮಳೆ

ಜೂನ್‌ಗೆ ಮುಂಚೆ ಗೂಡಿನ ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿ, ನೀರು ಹೊರಗೆ ಹರಿಯುವಂತೆ ಮಾಡಿ. ಪಶ್ಚಿಮ ಮತ್ತು ನೈಋತ್ಯಕ್ಕೆ ಸೋಗೆಯ ತಟ್ಟಿಯೋ ತಾಡಪತ್ರಿಯೋ ಕಟ್ಟಿ. ಆದರೆ ಮೇಲೆ ಒಂದಡಿ ಖಾಲಿ ಬಿಡಿ. ಪೂರ್ತಿ ಮುಚ್ಚಿದರೆ ಒಳಗಿನ ಹಬೆಯೇ ಹಾಸನ್ನು ನೆನೆಸುತ್ತದೆ. ಸೂರಿನ ಕೆಳಗೆ, ನೀರು ಎರಚದ ಕಡೆ, ಒಂದು ಅಗಲ ಬುಟ್ಟಿಯಲ್ಲಿ ಒಣ ಮಣ್ಣು, ಸ್ವಲ್ಪ ಕಟ್ಟಿಗೆ ಬೂದಿ ತುಂಬಿಡಿ. ಧೂಳುಸ್ನಾನ ಇಲ್ಲದ ಕೋಳಿಗೆ ಹೇನು ಬೇಗ ಹತ್ತುತ್ತದೆ.

ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಗೂಡಿಗೆ ಒಮ್ಮೆ ಹೋಗಿ ಬನ್ನಿ. ಎಲ್ಲಿ ಹನಿಯುತ್ತಿದೆ, ಯಾವ ಗೋಡೆ ಒದ್ದೆಯಾಗಿದೆ, ಯಾವ ಕೋಳಿ ಜಾಗ ಬಿಟ್ಟು ಸರಿದು ಕೂತಿದೆ ಅಂತ ನೋಡಿ. ಸೋರುವ ಹೆಂಚಿನ ನೇರಕ್ಕೆ ಕೆಳಗಿನ ಪಟ್ಟಿಯ ಮೇಲೆ ಒಂದು ಗುರುತು ಹಾಕಿ. ಮರುದಿನ ಮಳೆ ಬಿಟ್ಟಾಗ, ಎತ್ತಿಟ್ಟ ಹೆಂಚುಗಳಲ್ಲಿ ಒಂದನ್ನು ಅಲ್ಲಿ ಬದಲಿಸಿ, ಒದ್ದೆಯಾದ ಹಾಸನ್ನು ತೆಗೆದು ಹೊಸ ಹೊಟ್ಟು ಹಾಕಿ.